ಬೀಸೋಕಲ್ಲನ್ನು ಯಾರೂ ಒಯ್ಯಲಿಲ್ಲ

ಅಪ್ಪನ ಮನೆ ಖಾಲಿ ಮಾಡಲು ಎರಡು ದಿನ ಸಾಕು ಅಂದುಕೊಂಡು ಬ್ಯಾಂಕಿಗೆ ಎರಡೇ ದಿನ ರಜೆ ಹಾಕಿದ್ದೆ. ಹಿಡಿದದ್ದು ಹನ್ನೊಂದು ದಿನ. ರಜೆ ಮುಂದುವರಿಸಿ ಅಂತ ಮ್ಯಾನೇಜರಿಗೆ ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಅವರು, "ಏನ್ ಮೇಡಂ, ಮನಿ ಖಾಲಿ ಮಾಡಾಕತ್ತೀರೋ, ಊರ ಖಾಲಿ ಮಾಡಾಕತ್ತೀರೋ?" ಅಂದರು. ಮೊನ್ನೆ ಸೋಮವಾರ ಕೊನೆಯ ಗಾಡಿ ಹೋಯಿತು. ರಾಯಚೂರಿನಲ್ಲಿ ಮಳೆಗಾಲಕ್ಕೆ ಮುಂಚೆ ಹಳೇ ಮನೆ ಬಿಚ್ಚುವವರು ಇನ್ನೂ ಎಷ್ಟೋ ಮಂದಿ ಇರುತ್ತಾರೆ. ನಾನು ಅಲೆದಷ್ಟು ಅವರು ಅಲೆಯದಿರಲಿ ಅಂತ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಮನೆ ಇರುವುದು ಕೋಟೆಯೊಳಗಿನ ಒಂದು ಓಣಿಯಲ್ಲಿ. ಮಣ್ಣಿನ ಮಾಳಿಗೆ. ಅಪ್ಪ ಹೋಗಿ ಎರಡು ವರ್ಷ. ಅವ್ವ ಈಗ ನನ್ನ ಜೊತೆ ಇದ್ದಾಳೆ. ಹೋದ ಮಳೆಗಾಲದಲ್ಲಿ ಪಡಸಾಲೆಯ ಜಂತಿಯೊಂದು ಬಾಗಿ ಮಣ್ಣು ಉದುರಲು ಶುರುವಾದ ಮೇಲೆ ಗೌಂಡಿಯನ್ನು ಕರೆಸಿದೆವು. ಮೇಲೆಲ್ಲ ಬಿಚ್ಚಿ ಆರ್‌ಸಿಸಿ ಹಾಕೋಣ, ಬಸವ ಜಯಂತಿಗೆ ಕೆಲಸ ಹಿಡಿಯುತ್ತೇನೆ, ಅಷ್ಟರೊಳಗೆ ಒಂದು ಚಮಚೆಯೂ ಒಳಗಿರಬಾರದು ಅಂದ. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡಕ್ಕೆ ಓಣಿಯಲ್ಲಿ ನಾಯಿಯೂ ಅಡ್ಡಾಡುವುದಿಲ್ಲ, ಅಂಥ ಬಿಸಿಲು.

ಶುಕ್ರವಾರ ಬೀಗ ತೆಗೆದೆ. ಬೇಕಾದ ಸಾಮಾನು ಮೊದಲೇ ನಮ್ಮ ಮನೆಗೆ ಬಂದಿದ್ದವು. ಉಳಿದದ್ದು ಬೇಡದ್ದು ಮಾತ್ರ. ಆದರೆ ಅಪ್ಪನಿಗೆ ಬೇಡದ್ದು ಅನ್ನುವುದೇ ಇರಲಿಲ್ಲವಲ್ಲ. ನಾಗೊಂದಿಯ ಮೇಲಿಂದ ಕೆಟ್ಟ ಟ್ಯೂಬ್‌ಲೈಟುಗಳೇ ಹದಿನಾಲ್ಕು ಇಳಿದವು, ಒಂದೊಂದಕ್ಕೂ ಸುತಳಿ ಕಟ್ಟಿ ಇಟ್ಟಿದ್ದ. ಮೂರು ಗಾದಿ, ಒಂದು ಕಬ್ಬಿಣದ ಮಂಚ, ಎರಡು ಟ್ರಂಕು, ಗೆದ್ದಲು ಹಿಡಿದ ಕಪಾಟು, ರೆಕ್ಸಿನ್ ಹರಿದ ಸೋಫಾ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಗಳು, ದಪ್ಪ ಬೆನ್ನಿನ ಹಳೇ ಟೀವಿ, 1991ರಲ್ಲಿ ತಂದ ಫ್ರಿಜ್ಜು, ಇನ್ವರ್ಟರಿನ ಸತ್ತ ಬ್ಯಾಟರಿ, ಒಣಗಿದ ಪೇಂಟ್ ಡಬ್ಬಿಗಳು, ಗಂಟು ಗಂಟು ಪೇಪರ್. ಸಕ್ಕರೆ ಕಾಯಿಲೆಯ ಗುಳಿಗೆಗಳು, ಇನ್ಸುಲಿನ್ ಸಿರಿಂಜುಗಳು ಒಂದು ಬಿಸ್ಕತ್ತಿನ ಡಬ್ಬಿಯ ತುಂಬ. ಹಿತ್ತಲ ಬಾಗಿಲ ಹಿಂದೆ ಹತ್ತಿ ಹೊಲಕ್ಕೆ ಹೊಡೆಯಲು ತಂದ ಎಣ್ಣೆ, ಅಂದರೆ ಕ್ರಿಮಿನಾಶಕ, ಅರ್ಧ ಬಾಟಲಿ. ಮತ್ತೆ ಅಡುಗೆಮನೆಯ ಮೂಲೆಯಲ್ಲಿ ಅವ್ವನ ಬೀಸೋಕಲ್ಲು, ಎರಡೂ ಬಿಲ್ಲೆ, ಗೂಟ ಸಮೇತ.

ಶನಿವಾರ ಎಲ್ಲರನ್ನೂ ಕೇಳಿದೆ. ಪಕ್ಕದ ಮನೆ ಚಾಚಾ, "ಊರ ಹೊರಗ ಹಳ್ಳಕ್ಕ ಹಾಕಿಬಿಡ ಬೇಟಾ, ಎಲ್ಲಾರೂ ಅಲ್ಲೇ ಹಾಕ್ತಾರ" ಅಂದರು. ಹೈದರಾಬಾದಿನಿಂದ ತಮ್ಮ ಫೋನಿನಲ್ಲಿ, "ಗಾದಿ ಗೀದಿ ಹಿತ್ತಲದಾಗ ಸುಟ್ಟುಬಿಡಕ್ಕಾ, ಒಂದ್ ತಾಸಿನ ಕೆಲಸ" ಅಂದ. ಟಾಟಾ ಏಸ್ ಓಡಿಸುವ ಹುಡುಗ ಇನ್ನೂ ಜಾಣ: "ರಾತ್ರಿ ಹತ್ತರ ಮ್ಯಾಲ ಬರ್ತೀನ್ರಿ ಅಕ್ಕಾರ, ಬೈಪಾಸ್ ಕಡೆ ಒಗದ ಬರ್ತೀನಿ, ಯಾರಿಗೂ ಗೊತ್ತಾಗಂಗಿಲ್ಲ."

ಮೂರಕ್ಕೂ ಇಲ್ಲ ಅಂದೆ. ನಾನೇನು ದೊಡ್ಡ ಪರಿಸರ ಪ್ರೇಮಿಯಲ್ಲ. ಹೆದರಿಕೆಯೂ ಇತ್ತು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ರಾಶಿಯಾದರೆ 25,000 ರೂಪಾಯಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶ ಮಾಡಿದೆ. ಅದಕ್ಕಿಂತ ಹೆಚ್ಚಾಗಿ, ಟ್ರಂಕಿನ ಮೇಲೆ ಅಪ್ಪನ ಹೆಸರು ಬಿಳಿ ಪೇಂಟಿನಲ್ಲಿ ಬರೆದಿತ್ತು. ಅದು ಹಳ್ಳದಲ್ಲಿ ಬಿದ್ದಿರುವುದನ್ನು ಊರ ಮಂದಿ ನೋಡುವುದು ಮನಸ್ಸಿಗೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಕಸದ ಗಾಡಿ ಬಂದಾಗ ಪೌರಕಾರ್ಮಿಕಳನ್ನು ಕೇಳಿದೆ, ನೂರು ರೂಪಾಯಿ ಕೊಡ್ತೀನಿ, ಗಾದಿ ಒಂದು ಒಯ್ಯವ್ವಾ ಅಂತ. ಆಕೆ ರೊಕ್ಕದ ಕಡೆ ನೋಡಲೂ ಇಲ್ಲ. "ಯಕ್ಕಾ, ಇದೊಂದ ಗಾದಿ ಹಾಕಿದ್ರ ಗಾಡಿ ತುಂಬ್ತು. ಮುಂದಿನ ನಲವತ್ತ ಮನಿ ಕಸ ನನ್ ತಲಿ ಮ್ಯಾಲ ಹೊತ್ತಕೊಂಡ ಹೋಗ್ಲೇನ?" ನಾನು ಅದುವರೆಗೂ ಆ ಗಾಡಿಯನ್ನು ಅಷ್ಟು ಲೆಕ್ಕ ಹಾಕಿ ನೋಡಿರಲಿಲ್ಲ. ಹಸಿ ಕಸ ಒಂದು ಕಡೆ, ಒಣ ಕಸ ಒಂದು ಕಡೆ, ನಡುವೆ ಒಂದು ತಗಡು. ಅಷ್ಟೇ ಅದರ ಜಾಗ. ಆಕೆಯೇ ದಾರಿ ಹೇಳಿದಳು: ಓಣಿ ಓಣಿಯ ಸಣ್ಣ ಗಾಡಿಗಳೆಲ್ಲ ಹೋಗಿ ದೊಡ್ಡ ಗಾಡಿಗೆ ಸುರಿಯುವ ಜಾಗ ಇದೆ, ಅಲ್ಲಿಗೆ ನೀವೇ ಒಯ್ಯಬಹುದು, ಆದರೆ ಮೊದಲು ಕಸದ ಕೆಲಸ ನೋಡಿಕೊಳ್ಳುವ ಇನ್ಸ್‌ಪೆಕ್ಟರ್ ಸಾಹೇಬರನ್ನು ಕೇಳಿ.

ಸೋಮವಾರ ಹತ್ತೂವರೆಗೆ ಅವರ ಕಚೇರಿಗೆ ಹೋದೆ. ಸಾಹೇಬರಿಲ್ಲ, ಬೆಳಿಗ್ಗೆ ಆರಕ್ಕೇ ರೌಂಡಿಗೆ ಹೋಗಿದ್ದಾರೆ. ಹನ್ನೊಂದೂವರೆವರೆಗೆ ಕೂತು ಬಂದೆ. ಇದರಲ್ಲಿ ಅವರ ತಪ್ಪಿಲ್ಲ. ಕಸದ ಕೆಲಸ ನಡೆಯುವುದೇ ನಸುಕಿನಲ್ಲಿ. ನೀವು ಹೋಗುವುದಾದರೆ ಮಧ್ಯಾಹ್ನ ಮೂರರ ಮೇಲೆ ಹೋಗಿ. ನಾನೂ ಮೂರೂವರೆಗೆ ಮತ್ತೆ ಹೋದಾಗ ಸಿಕ್ಕರು. ಬಿಳಿ ಹಾಳೆಯಲ್ಲಿ ಅರ್ಜಿ, ಆಧಾರ್ ಜೆರಾಕ್ಸ್, ಮನೆ ಕಂದಾಯ ಕಟ್ಟಿದ ರಸೀದಿಯ ಜೆರಾಕ್ಸ್ ಕೇಳಿದರು. ರಸೀದಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ, ಖಾತಾ ಬದಲಾಯಿಸಿಕೊಂಡಿಲ್ಲ. ಗುಮಾಸ್ತರು, "ಇವರು ಯಾರು? ಅವರೇ ಬಂದು ಸಹಿ ಮಾಡ್ಲಿ" ಅಂದರು. ಇಲ್ಲ ಅಂದೆ. ಒಂದು ಗಳಿಗೆ ಸುಮ್ಮನಿದ್ದು, "ಹಂಗಾದ್ರ ಡೆತ್ ಸರ್ಟಿಫಿಕೇಟಿಂದ ಒಂದ್ ಜೆರಾಕ್ಸ್ ಹಚ್ಚಿಬಿಡ್ರಿ ಮೇಡಂ" ಅಂತ ಮೆಲ್ಲಗೆ ಹೇಳಿದರು. ಪಿಂಚಣಿಗೆ, ಬ್ಯಾಂಕಿಗೆ, ಹೊಲದ ಪೌತಿಗೆ ಅಂತ ಎಷ್ಟೋ ಕಡೆ ಆ ಕಾಗದ ಕೊಟ್ಟಿದ್ದೇನೆ. ಹಳೇ ಗಾದಿ ಒಗೆಯಲೂ ಅದು ಬೇಕಾದೀತು ಅಂತ ಎಣಿಸಿರಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ನಿಂತು ಕಣ್ಣು ಒರೆಸಿಕೊಂಡದ್ದು ಬಿಸಿಲಿಗೆ ಅಂತ ಅಂಗಡಿಯವ ತಿಳಿದಿರಬೇಕು, ಒಂದು ಲೋಟ ನೀರು ಕೊಟ್ಟ.

ಸಾಹೇಬರು ಎಲ್ಲ ಬಿಡಿಸಿ ಹೇಳಿದರು. ಓಣಿ ಗಾಡಿಗಳ ಗದ್ದಲ ಮುಗಿದ ಮೇಲೆ, ಒಂದರಿಂದ ನಾಲ್ಕರೊಳಗೆ ಬನ್ನಿ; ಕರೆಂಟಿನ ಸಾಮಾನು ಬೇರೆ, ಕಲ್ಲು ಮಣ್ಣು ಬೇರೆ, ಔಷಧಿ ಬೇರೆ ಅಂತೇನೋ ಅಂದರು. ನಾನು "ಒಂದರಿಂದ ನಾಲ್ಕು" ಅನ್ನುವುದನ್ನು ಮಾತ್ರ ಕೈಯ ಮೇಲೆ ಬರೆದುಕೊಂಡು ಹೊರಟೆ. ಮುಂದಿನದನ್ನೆಲ್ಲ ನಾನೇ ಕೈಯಾರೆ ಮಾಡಿಕೊಂಡದ್ದು.

ಮಂಗಳವಾರವೇ ಗಾಡಿ ಹೇಳಿದ್ದೆ. ಅವ್ವ ಬಿಡಲಿಲ್ಲ. ಮಂಗಳವಾರ, ಶುಕ್ರವಾರ ಮನೆಯಿಂದ ಸಾಮಾನು ಹೊರಗೆ ಹೋಗಬಾರದು. ಕಸವೂ ಅಷ್ಟೇ ಏನವ್ವಾ ಅಂದರೆ, "ಕಸ ಅಂತ ನೀ ಅಂತಿ" ಅಂದಳು. ಹಾಗೆ ಎರಡು ದಿನ ಹೋದವು. ಮನೆಯಲ್ಲಿ ಹಿರಿಯರಿದ್ದರೆ ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಬುಧವಾರ ಗಾಡಿ ಬಂತು. ಓಣಿಯೊಳಗೆ ಬರುವುದಿಲ್ಲವಲ್ಲ, ದೊಡ್ಡ ರಸ್ತೆಯಲ್ಲಿ ನಿಂತಿತು. ಇಬ್ಬರು ಹಮಾಲರು ತಳ್ಳುವ ಬಂಡಿಯ ಮೇಲೆ ಒಂದೊಂದೇ ಹೇರಿ ತಂದು ಹಾಕಿದರು. ಬೀಸೋಕಲ್ಲಿನ ಕೆಳಗಿನ ಬಿಲ್ಲೆ ಎತ್ತುವಾಗ ಒಬ್ಬ ಸೊಂಟ ಹಿಡಿದುಕೊಂಡು, "ಏನ್ರೀ ಇದು, ಕೋಟಿ ಕಲ್ಲ ಕಿತ್ತಕೊಂಡ ಬಂದೀರೇನು?" ಅಂದ. ಕೋಟೆಯ ಗೋಡೆಯಲ್ಲಿ 1294ರ ಶಾಸನದ ಒಂದು ಕಲ್ಲಿದೆ, ನಲವತ್ತು ಅಡಿಗೂ ಉದ್ದ. ಅದನ್ನು ಗಾಡಿಗೆ ಹೇರಿ ಕೋಣಗಳ ಸಾಲು ಎಳೆಯುವುದು, ಹಿಂದಿನಿಂದ ಮಂದಿ ಗಾಲಿಗೆ ಮೀಟುಗೋಲು ಕೊಟ್ಟು ನೂಕುವುದು, ಎಲ್ಲವನ್ನೂ ಅಲ್ಲೇ ಕೆತ್ತಿದ್ದಾರೆ. ಸಣ್ಣವಳಿದ್ದಾಗ ಅಪ್ಪ ಅದನ್ನು ತೋರಿಸಿ, ಕಲ್ಲಿಗಿಂತ ಕಲ್ಲು ತಂದವರದ್ದು ದೊಡ್ಡದು ನೋಡು ಅಂದಿದ್ದ. ಹಮಾಲನಿಗೆ ಇದನ್ನೆಲ್ಲ ಹೇಳಲಿಲ್ಲ. ಐವತ್ತು ರೂಪಾಯಿ ಹೆಚ್ಚು ಕೊಡುತ್ತೇನೆ ಅಂದೆ.

ಎರಡು ಗಂಟೆಗೆ ದೊಡ್ಡ ಗಾಡಿಗೆ ಕಸ ಸುರಿಯುವ ಆ ಜಾಗಕ್ಕೆ ಮುಟ್ಟಿದೆವು. ತಗಡಿನ ದೊಡ್ಡ ಶೆಡ್ಡು, ಮುಂದೆ ಸಿಮೆಂಟಿನ ಇಳಿಜಾರು. ಸಣ್ಣ ಟಿಪ್ಪರ್ ಹಿಮ್ಮುಖವಾಗಿ ಏರಿ ಕೆಳಗೆ ನಿಂತ ದೊಡ್ಡ ಗಾಡಿಗೆ ಸುರಿಯುತ್ತದೆ. ಒಳಗಿನ ಹಲಗೆ ಗುರ್ ಅಂತ ಕಸ ಒತ್ತುತ್ತದೆ, ಕರೀ ನೀರು ಸೋರುತ್ತದೆ, ಬೆಳ್ಳಕ್ಕಿಗಳು ಹಾರಿ ಮತ್ತೆ ಕೂರುತ್ತವೆ. ವಾಸನೆ ಐದು ನಿಮಿಷ ತಡೆಯಲಾಗುವುದಿಲ್ಲ, ಆರನೇ ನಿಮಿಷಕ್ಕೆ ಮೂಗು ಬಿಟ್ಟುಬಿಡುತ್ತದೆ. ಬದಿಯಲ್ಲಿ ನಾಲ್ಕು ಹೆಂಗಸರು ಪ್ಲಾಸ್ಟಿಕ್ ಬೇರೆ ಮಾಡುತ್ತ ಕೂತಿದ್ದರು. ಅವರಲ್ಲಿ ಒಬ್ಬಾಕೆ ಒಂದೊಂದು ಚೀಲವನ್ನೂ ಕಿವಿಯ ಹತ್ತಿರ ಹಿಡಿದು ಮುದುರುತ್ತಿದ್ದಳು. ಕರಕರ ಅಂದರೆ ಎಡಕ್ಕೆ, ಮೆತ್ತಗೆ ಸುಮ್ಮನಿದ್ದರೆ ಬಲಕ್ಕೆ. ಅಕ್ಕಿ ಹಸನು ಮಾಡುವವರ ಹಾಗೆ, ನೋಡದೆಯೇ.

ಗೇಟಿನ ಮೇಲ್ವಿಚಾರಕ ತಾಡಪತ್ರಿ ಸರಿಸಲು ಹೇಳಿದರು. ಕೈಯಲ್ಲಿದ್ದ ಕೋಲಿನಿಂದ ಒಂದೊಂದನ್ನೇ ಮುಟ್ಟುತ್ತ ಹೋದರು. "ಫ್ರಿಜ್ ನಮ್ಮದಲ್ಲ. ಟೀವಿ ನಮ್ಮದಲ್ಲ. ಬ್ಯಾಟರಿ ಅಂತೂ ಅಲ್ವೇ ಅಲ್ಲ, ಆಸಿಡ್ ಸೋರಿದ್ರ ಯಾರ ಹೊಣಿ? ಟ್ಯೂಬ್‌ಲೈಟ್ ಹಿಂಗ ಬಿಡಿ ತರಬಾರ್ದು. ಮಂಚ, ಪೇಪರ್ ನಿಮಗ ರೊಕ್ಕ ಬರೂ ಸಾಮಾನ, ಇಲ್ಲ್ಯಾಕ ತಂದೀರಿ? ಈ ಡಬ್ಬ್ಯಾಗ ಏನೈತಿ?" ಬಿಸ್ಕತ್ತಿನ ಡಬ್ಬಿ ತೆಗೆದರೆ ಸೂಜಿಗಳು. ಅವರ ಮುಖ ಬಿಗಿಯಾಯಿತು. ಆ ಹೆಂಗಸರ ಕಡೆ ಕೋಲು ತೋರಿಸಿ, "ಇದು ಬಿಚ್ಚಿದ್ರ ಆಕಿ ಕೈಗೆ ಚುಚ್ಚತೈತ್ರಿ" ಅಂದರು. ನನಗೆ ಮಾತೇ ಹೊರಡಲಿಲ್ಲ.

ಎಣ್ಣೆ ಬಾಟಲಿಯ ವಿಷಯಕ್ಕೆ ಬಂದಾಗ ಮಾತ್ರ ಸ್ವಲ್ಪ ನಗು. ಇದರಲ್ಲಿ ಅರ್ಧ ಬಾಟಲಿ ಎಣ್ಣೆ ಇದೆ ಅಂದದ್ದೇ ತಡ, ಡ್ರೈವರ್ ಹುಡುಗ ಕಿವಿ ನಿಮಿರಿಸಿದ. ಅದು ಹೊಲಕ್ಕೆ ಹೊಡಿಯೋದಪ್ಪಾ ಅಂದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಹೋದ.

ಕೊನೆಗೆ ಬೀಸೋಕಲ್ಲು. ಮೇಲ್ವಿಚಾರಕ ಅದಕ್ಕೆ ಕೋಲು ತಾಗಿಸಲಿಲ್ಲ. "ಇದು ಕಸ ಅಲ್ರಿ" ಅಂದರು, ಅಷ್ಟೇ.

ತುಂಬಿದ ಗಾಡಿ ತುಂಬಿದ ಹಾಗೇ ವಾಪಸು. ಗಾಡಿಗೆ 700, ಕಾಯಿಸಿದ್ದಕ್ಕೆ 200, ಹಮಾಲಿ 850. ಸಾಹೇಬರ ಮಾತಿಗೆ ಎರಡು ನಿಮಿಷ ಕಿವಿ ಕೊಟ್ಟಿದ್ದರೆ ಈ 1,750 ರೂಪಾಯಿ ಉಳಿಯುತ್ತಿತ್ತು. ಓಣಿಯಲ್ಲಿ ಚಾಚಾ ಕಟ್ಟೆಯ ಮೇಲೆ ಕೂತಿದ್ದರು. ನೋಡಿಯೂ ಏನೂ ಅನ್ನಲಿಲ್ಲ, ಅದು ಅವರ ದೊಡ್ಡತನ.

ಗುರುವಾರದಿಂದ ನಿಜವಾದ ಕೆಲಸ ಶುರುವಾಯಿತು. ಪಡಸಾಲೆಯಲ್ಲಿ ಎಲ್ಲವನ್ನೂ ಹರವಿ ಗುಂಪು ಮಾಡಿದೆ. ಮನೆಯ ಕಸವನ್ನು ಮನೆಯಲ್ಲೇ ಬೇರೆ ಮಾಡಬೇಕು ಅನ್ನುವುದು 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು, ನಾವು ಅದನ್ನು ತರಕಾರಿ ಸಿಪ್ಪೆಗೆ ಮಾತ್ರ ಅಂದುಕೊಂಡಿದ್ದೇವೆ. ಪೇಂಟ್ ಡಬ್ಬಿ, ಕ್ರಿಮಿನಾಶಕದ ಬಾಟಲಿ, ಟ್ಯೂಬ್‌ಲೈಟು, ಅವಧಿ ಮೀರಿದ ಔಷಧಿ, ಸೂಜಿ, ಇವೆಲ್ಲ ಆ ನಿಯಮದಲ್ಲಿ ಮನೆಯ ಅಪಾಯಕಾರಿ ಕಸ ಅನ್ನಿಸಿಕೊಂಡಿದ್ದವು, ಬೇರೆಯೇ ಕಟ್ಟಿ ಬೇರೆಯೇ ಕೊಡಬೇಕು.

ಮೊದಲು ಗುಜರಿ. ಬಂಡಿ ತಳ್ಳಿಕೊಂಡು ಬಂದವನೊಬ್ಬ ಕೊಕ್ಕೆ ತಕ್ಕಡಿಯಲ್ಲಿ ಪೇಪರ್ ತೂಗಿ ಐವತ್ತೊಂದು ಕೆಜಿ ಅಂದ. ಅನುಮಾನ ಬಂದು ನನ್ನ ಸೂಟ್‌ಕೇಸ್ ತೂಗುವ ಸಣ್ಣ ತಕ್ಕಡಿಯಿಂದ ಗಂಟು ಗಂಟಾಗಿ ತೂಗಿದರೆ ಅರವತ್ನಾಲ್ಕು. ಅವನನ್ನು ಕಳಿಸಿ ಡಿಜಿಟಲ್ ಕಾಂಟಾ ಇರುವ ಅಂಗಡಿಗೆ ಹಾಕಿದೆ. ರದ್ದಿಗೆ ಕೆಜಿಗೆ 12ರಂತೆ 768 ರೂಪಾಯಿ. ಮಂಚ, ಟ್ರಂಕು ಸೇರಿ ಐವತ್ತೆಂಟು ಕೆಜಿ ಕಬ್ಬಿಣ, 24ರಂತೆ 1,392. ಅಲ್ಯೂಮಿನಿಯಂ ಪಾತ್ರೆಗಳಿಗೆ 360, ಗಟ್ಟಿ ಪ್ಲಾಸ್ಟಿಕ್ಕಿಗೆ 90. ಟ್ರಂಕಿನ ಮೇಲಿನ ಹೆಸರನ್ನು ಕೊಡುವ ಮುಂಚೆ ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ ತೆಗೆದೆ. ಪೂರ್ತಿ ಹೋಗಲಿಲ್ಲ. ಹೋದಷ್ಟು ಸಾಕು ಅಂದುಕೊಂಡೆ. ಪೇಪರ್ ಕಟ್ಟುವ ಮುಂಚೆ ಒಮ್ಮೆ ಕೊಡವಿ ನೋಡಿ. ನಮ್ಮ ಹೊಲದ ಹಳೇ ಪಹಣಿ, ತಮ್ಮನ ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡು ಎರಡೂ ಅದರೊಳಗೆ ಸಿಕ್ಕವು.

ಫ್ರಿಜ್ಜನ್ನು ನೋಡಿದ ಗುಜರಿಯವ ಅಲ್ಲೇ ಹಿಂದಿನ ನಳಿಗೆ ಕತ್ತರಿಸಲು ಕಟರ್ ತೆಗೆದ. ಕಂಪ್ರೆಸರಿನ ತಾಮ್ರವಷ್ಟೇ ಅವನಿಗೆ ಬೇಕು. ತಡೆದೆ. ಆ ಕಾಲದ ಫ್ರಿಜ್ಜುಗಳಲ್ಲಿ ಇರುತ್ತಿದ್ದದ್ದು ಓಝೋನ್ ಪದರಕ್ಕೆ ತೂತು ಹಾಕುವ ಗ್ಯಾಸು. 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಒಂದೊಂದೇ ದೇಶ ಬಿಟ್ಟದ್ದು ಅದನ್ನೇ. ಟೀವಿಯ ದಪ್ಪ ಗಾಜಿನಲ್ಲಿ ಸೀಸ ಇರುತ್ತದೆ, ಒಡೆಯುವುದು ಅದಕ್ಕೇ ಕೆಟ್ಟದ್ದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಇ-ತ್ಯಾಜ್ಯ ನಿಯಮದಲ್ಲಿ ಇಂಥವುಗಳ ಮರುಬಳಕೆಯ ಹೊಣೆ ತಯಾರಿಸುವ ಕಂಪನಿಗಳ ಮೇಲಿದೆ. ನಾನು ಹಿಡಿದದ್ದು ಸುಲಭದ ದಾರಿ: ಹೊಸ ಮನೆಗೆ ಹೇಗೂ ಫ್ರಿಜ್ ಬೇಕಿತ್ತು, ಎಕ್ಸ್‌ಚೇಂಜಿನಲ್ಲಿ ಕೊಂಡೆ. ಶನಿವಾರ ಹೊಸದನ್ನು ತಂದಿಳಿಸಿದವರೇ ಹಳೆಯದನ್ನು ಒಯ್ದರು, 1,200 ಕಡಿಮೆಯಾಯಿತು. ಟೀವಿ, ಹಳೇ ಚಾರ್ಜರುಗಳು, ರೇಡಿಯೋ ಎಲ್ಲ ಜೊತೆಗೆ ಒಯ್ಯಿರಿ ಅಂದೆ. ದುಡ್ಡು ಕೊಡಲಿಲ್ಲ, ಒಯ್ದರು. ರೇಡಿಯೋ ಮಾತ್ರ ಬಾಗಿಲ ಹತ್ತಿರದಿಂದ ವಾಪಸು ಇಸಿದುಕೊಂಡೆ. ಹಾಡುವುದಿಲ್ಲ. ಇರಲಿ.

ಬ್ಯಾಟರಿಯನ್ನು ಗುಜರಿಗೆ ಕೊಡಬೇಡಿ. ಅವನು 1,500 ಅಂದಿದ್ದ. ಬ್ಯಾಟರಿ ಅಂಗಡಿಯವರು ಹೊಸದರ ಬೆಲೆಯಲ್ಲಿ 2,600 ಕಡಿದರು. ಒಯ್ಯುವಾಗ ನೆಟ್ಟಗೆ ನಿಲ್ಲಿಸಿ, ಮುಚ್ಚಳಗಳನ್ನು ಬಿಗಿ ಮಾಡಿ. ನನ್ನ ಸೀರೆಯ ಅಂಚಿಗೆ ಆಸಿಡ್ಡಿನ ನಾಲ್ಕು ಹನಿ ಬಿದ್ದು ಈಗ ಅಲ್ಲಿ ನಾಲ್ಕು ತೂತು.

ಗಾದಿಗಳದ್ದು ಚಾಚಾ ಬಗೆಹರಿಸಿದರು. "ಹತ್ತಿ ಗಾದಿ ಯಾರಾದ್ರೂ ಒಗೀತಾರೇನ ಬೇಟಾ, ಅದೂ ರಾಯಚೂರಾಗ?" ಅಂತ ತಮ್ಮ ಬೀಗರ ಹಿಂಜುವ ಮಷೀನಿಗೆ ಕರೆದುಕೊಂಡು ಹೋದರು. ಮೂರರಲ್ಲಿ ಎರಡು ಹತ್ತಿಯವು. ಗವಸು ಹರಿದಾಗ ಒಳಗಿನ ಹತ್ತಿ ಕಲ್ಲಿನ ಹಾಗೆ ಗಂಟು ಕಟ್ಟಿತ್ತು, ಮಣ್ಣಿನ ಬಣ್ಣ. ಮಷೀನಿನ ಹಲ್ಲಿಗೆ ಕೊಟ್ಟರೆ ಆ ಕಡೆ ಬೆಳ್ಳಗೆ ನೊರೆಯ ಹಾಗೆ ಬಂತು. ಹದಿನಾರು ಕೆಜಿ ಕೊಟ್ಟದ್ದು ಧೂಳು ಹೋಗಿ ಹನ್ನೆರಡಾಯಿತು. ಅಷ್ಟರಲ್ಲಿ ಒಂದು ದೊಡ್ಡ ಗಾದಿ, ನಾಲ್ಕು ತಲೆದಿಂಬು. ಹಿಂಜಿ ತುಂಬಿ ಹೊಲಿಯಲು 1,400, ಹೊಸ ಬಟ್ಟೆಗೆ 900. ನಾವು ಹೋದದ್ದು ಶುಕ್ರವಾರ. ಕೊಡುವುದಲ್ಲ, ಹಿಂಜಿಸಿ ವಾಪಸು ತರುವುದು ಅಂದ ಮೇಲೆ ಅವ್ವ ಒಪ್ಪಿದ್ದಳು. ಆದರೆ ಜುಮ್ಮಾ ನಮಾಜಿಗೆ ಮಷೀನು ನಿಂತು ಮೂರರವರೆಗೆ ಕಾಯಬೇಕಾಯಿತು. ಹೋಗುವವರು ಬೇರೆ ದಿನ ಹೋಗಿ.

ಅಪಾಯಕಾರಿ ಗುಂಪಿಗೆ ಹಿಡಿದಷ್ಟು ಹೊತ್ತು ಯಾವುದಕ್ಕೂ ಹಿಡಿಯಲಿಲ್ಲ. ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ಕಿನ ಫಿನಾಯಿಲ್ ಡಬ್ಬಿಗೆ ಹಾಕಿ, ಮುಚ್ಚಳ ತಿರುವಿ, ಟೇಪು ಸುತ್ತಿ, ಮೇಲೆ "ಸೂಜಿ ಇವೆ" ಅಂತ ದೊಡ್ಡದಾಗಿ ಬರೆದೆ. ಕೋಲಿನ ತುದಿಯಲ್ಲಿ ತೋರಿಸಿದ ಆ ಹೆಂಗಸಿನ ಕೈ ಕಣ್ಣ ಮುಂದೆಯೇ ಇತ್ತು. ಗುಳಿಗೆಗಳು ಬೇರೆ ಚೀಲ. ಎಣ್ಣೆ ಬಾಟಲಿಯನ್ನು ಗೊಬ್ಬರದ ಅಂಗಡಿಯವರು ವಾಪಸು ತಗೊಳ್ಳಲಿಲ್ಲ. ಮೋರಿಗೆ ಸುರಿಯಬೇಡಿ ಅಂದರು, ಅದೊಂದು ಒಳ್ಳೆಯ ಮಾತು. ಮುಚ್ಚಳ ಬಿಗಿದು, ಎರಡು ಕವರಿನಲ್ಲಿ ಸುತ್ತಿ, ಹಳೇ ಬಕೆಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿ ಸುತ್ತ ಮಣ್ಣು ತುಂಬಿದೆ.

ಟ್ಯೂಬ್‌ಲೈಟು ಸುತ್ತುವಾಗ ಒಂದು ಕೈಜಾರಿ ಟಪ್ ಅಂತ ಒಡೆಯಿತು. ಒಳಗೆ ಪಾದರಸ ಇರುತ್ತದೆ, ಸ್ವಲ್ಪವೇ ಆದರೂ ಇರುತ್ತದೆ. ಹೀಗಾದರೆ ಕಸಬರಿಗೆ ಹಿಡಿಯಬೇಡಿ, ಪುಡಿ ಗಾಳಿಗೆ ಏಳುತ್ತದೆ. ಕಿಟಕಿ ಬಾಗಿಲು ತೆರೆದು ಹತ್ತು ಹದಿನೈದು ನಿಮಿಷ ಎಲ್ಲರೂ ಹೊರಗೆ ಹೋಗಿ. ಆಮೇಲೆ ದಪ್ಪ ರಟ್ಟಿನಿಂದ ಚೂರು ಬಳಿದು, ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಬಟ್ಟೆಯನ್ನೂ ಸೇರಿಸಿ ಗಾಜಿನ ಭರಣಿಗೆ ಹಾಕಿ ಮುಚ್ಚಿ. ಉಪ್ಪಿನಕಾಯಿ ಭರಣಿ ಹೋಯಿತು ಅಂತ ಅವ್ವ ಬೈದಳು. ಉಳಿದ ಹದಿಮೂರನ್ನು ಚಾದರಿನಲ್ಲಿ ಮಗುವಿನ ಹಾಗೆ ಸುತ್ತಿ ಇಟ್ಟೆ.

ಮಾಳಿಗೆ ಬಿಚ್ಚಿದ ಮಣ್ಣು, ಇಟ್ಟಿಗೆ ಚೂರು ಈ ಲೆಕ್ಕಕ್ಕೇ ಬರುವುದಿಲ್ಲ. ಕಟ್ಟಡದ ಕಸಕ್ಕೆ ಬೇರೆ ನಿಯಮವೇ ಇದೆ, ಮನೆ ಕಸದ ಜೊತೆ ಬೆರೆಸುವ ಹಾಗಿಲ್ಲ. ನಮ್ಮ ಗೌಂಡಿ ಮಣ್ಣೆಲ್ಲ ನೆಲಕ್ಕೇ ತುಂಬಿಸುತ್ತೇನೆ ಅಂದಿದ್ದಾನೆ. ನೋಡಬೇಕು.

ಹನ್ನೊಂದನೇ ದಿನ, ಸೋಮವಾರ, ಮತ್ತೆ ಅದೇ ಹುಡುಗನ ಗಾಡಿ. ಈಗ ಅದರಲ್ಲಿ ಉಳಿದದ್ದು ಸ್ಪಂಜಿನ ಗಾದಿ, ಸೋಫಾ, ಗೆದ್ದಲು ತಿಂದ ಹಲಗೆ, ಕಾಲಿಲ್ಲದ ಕುರ್ಚಿ, ಒಡೆದ ಪಿಂಗಾಣಿ, ಬೇರೆ ಕಟ್ಟಿದ ಅಪಾಯಕಾರಿ ಗಂಟು. ಗಾಡಿಯ ಮುಕ್ಕಾಲು ಖಾಲಿ. ಬೀಸೋಕಲ್ಲನ್ನೂ ಹೇರಿಸಿದೆ. ಗುಜರಿಯವ ಕಲ್ಲಿಗೆ ರೇಟಿಲ್ಲ ಅಂದಿದ್ದ. ಗೌಂಡಿ, ಮೆಟ್ಟಿಲಿಗೆ ಹಾಕೋಣೇನ್ರಿ ಅಂತ ಕೇಳಿದಾಗ ಅವ್ವ ಎದ್ದು ಒಳಗೆ ಹೋಗಿದ್ದಳು. ಬೀಸೋಕಲ್ಲಿಗೆ ಕಾಲು ತಾಗಿಸಬಾರದು ಅಂತ ಬೆಳೆದವಳು. ನಮ್ಮದು ಎರಡನೇ ಮಹಡಿಯ ಮನೆ, ಎಲ್ಲಿ ಇಡುವುದು? ಒಂದು ಮಾತು ಕೇಳಿ ನೋಡೋಣ ಅಂತ.

ಮೇಲ್ವಿಚಾರಕರಿಗೆ ನೆನಪಿತ್ತು. ಅರ್ಜಿಯ ಪ್ರತಿ ನೋಡಿ, 200 ರೂಪಾಯಿಗೆ ರಸೀದಿ ಹರಿದರು. ಸೂಜಿ ಡಬ್ಬಿಯ ಮೇಲಿನ ಬರಹ ಓದಿ ತಲೆಯಾಡಿಸಿದರು, ಬಕೆಟ್ಟು, ಭರಣಿ, ಟ್ಯೂಬುಗಳನ್ನು ಬೇರೆ ಕೋಣೆಯಲ್ಲಿ ಇಡಿಸಿದರು. ಹದಿನೈದು ನಿಮಿಷ, ಮುಗಿಯಿತು. ಸೋಫಾ ದೊಡ್ಡ ಗಾಡಿಯೊಳಗೆ ಬಿದ್ದು ಹಲಗೆ ಒತ್ತಿದಾಗ ಅದರ ಸ್ಪ್ರಿಂಗು ಒಂದು ಸಲ ಕಿಂಯ್ ಅಂತು. ಅಪ್ಪ ಸಂಜೆ ಕೂರುವಾಗಲೂ ಅದೇ ಸದ್ದು ಬರುತ್ತಿತ್ತು. ನಾನು ಗಾಡಿಯ ಆ ಕಡೆ ಹೋಗಿ ನಿಂತೆ.

ಕಲ್ಲು? "ಮೊನ್ನೇನ ಹೇಳೀನಲ್ರಿ ಅಕ್ಕಾರ" ಅಂದರು.

ಎರಡನೇ ಸಲದ ಗಾಡಿ 700, ಹಮಾಲಿ 600. ಎಲ್ಲ ಕೂಡಿಸಿದರೆ ನನ್ನ ಕೈಯಿಂದ ಹೋದದ್ದು 5,550. ಗುಜರಿಯಿಂದ ಬಂದದ್ದು 2,610. ಫ್ರಿಜ್ಜು, ಬ್ಯಾಟರಿಯಲ್ಲಿ ಕಡಿಮೆಯಾದದ್ದು 3,800. ಲೆಕ್ಕದಲ್ಲಿ 860 ರೂಪಾಯಿ ಲಾಭ ಅಂತ ತಮ್ಮನಿಗೆ ಹೇಳಿದರೆ, ಒಂಬತ್ತು ದಿನದ ರಜೆಯನ್ನೂ ಹಾಕು ಅಂದ. ಹಾಕಲಿಲ್ಲ. ಗಾಡಿ, ಹಮಾಲಿ ದರ ಓಣಿ ಓಣಿಗೆ ಬೇರೆ ಇರುತ್ತದೆ, ಮೊದಲೇ ಮಾತಾಡಿಕೊಳ್ಳಿ. ಕಾಯಿಸುವುದಕ್ಕೆ ಎಷ್ಟು ಅಂತ ಮುಖ್ಯವಾಗಿ ಕೇಳಿ.

ಬೀಸೋಕಲ್ಲು ಈಗ ನಮ್ಮ ಬಾಲ್ಕನಿಯಲ್ಲಿದೆ. ಎರಡು ಮಹಡಿ ಏರಿಸಲು ಹಮಾಲರು ಮತ್ತೆ 300 ಇಸಿದುಕೊಂಡರು, ಅದನ್ನು ಮೇಲಿನ ಲೆಕ್ಕಕ್ಕೆ ಹಿಡಿದಿಲ್ಲ. ನಿನ್ನೆ ಬೆಳಿಗ್ಗೆ ಅವ್ವ ಅದರ ಮುಂದೆ ಕಾಲು ಚಾಚಿ ಕೂತಿದ್ದಳು. ಒಂದು ಹಿಡಿ ಜೋಳ ಹಾಕಿ ನಾಲ್ಕು ಸುತ್ತು ತಿರುವಿದಳು. ಜೋಳ ಒಡೆಯಲಿಲ್ಲ, ಹಾಗೇ ಸುತ್ತಿ ಹೊರಗೆ ಬಂತು. "ಕಲ್ಲ ಸವದಾವ. ಉಳಿ ಹೊಡಸಬೇಕು" ಅಂದಳು. ಮೊದಲೆಲ್ಲ ವರ್ಷಕ್ಕೊಮ್ಮೆ ಓಣಿಗೇ ಬಂದು ಹೊಡೆದುಕೊಡುತ್ತಿದ್ದರಂತೆ. ತೀನ್ ಕಂದೀಲಿನಿಂದ ಗಂಜ್‌ವರೆಗೆ ಕೇಳಿಕೊಂಡು ಬಂದೆ, ಬೀಸೋಕಲ್ಲಿಗೆ ಉಳಿ ಹೊಡೆಯುವವರು ಯಾರೂ ಸಿಕ್ಕಿಲ್ಲ. ಯಾರಿಗಾದರೂ ಗೊತ್ತಿದ್ದರೆ ಹೇಳಿ, ನಾನೇ ಗಾಡಿ ಮಾಡಿಕೊಂಡು ಬಂದು ಕರೆದುಕೊಂಡು ಹೋಗುತ್ತೇನೆ.